ವೇಗ ಏರಿಸಿದಾಗ ಕೂಗುವ ಪಿಕಪ್: ಉತ್ತರ ಬೆಂಗಳೂರಿನ ರಸ್ತೆಗಳಲ್ಲಿ ಶಬ್ದಮೂಲದ ಪತ್ತೆ

ಯಶವಂತಪುರದ ಎಪಿಎಂಸಿ ಯಾರ್ಡಿನಿಂದ ಮಾಲು ಹೇರಿಕೊಂಡು ಯಲಹಂಕ, ಆರ್.ಟಿ. ನಗರದ ಕಡೆ ಹೊರಡುವ ಬೊಲೆರೊ ಮಾದರಿಯ ಪಿಕಪ್‌ಗಳ ಒಡಲು ಹೆಚ್ಚುಕಮ್ಮಿ ಒಂದೇ: ಮುಂದೆ ಟರ್ಬೋ ಇರುವ ಡೀಸೆಲ್ ಎಂಜಿನ್, ಅದರ ಬೆನ್ನಿಗೆ ಗೇರ್‌ಬಾಕ್ಸ್, ಅಲ್ಲಿಂದ ಉದ್ದಕ್ಕೆ ಪ್ರೊಪೆಲ್ಲರ್ ಶಾಫ್ಟ್, ಹಿಂದೆ ಕ್ರೌನ್ ಪಿನಿಯನ್ ಕೂತಿರುವ ಹೌಸಿಂಗ್. ಆಕ್ಸಿಲರೇಟರ್ ತುಳಿದೊಡನೆ ‘ಗುಂಯ್’ ಎಂದು ಏರುವ ಕೂಗು ಇವುಗಳಲ್ಲಿ ಎಲ್ಲಿಂದ ಬೇಕಾದರೂ ಬರಬಹುದು. ಚಾಸಿಯ ಉಕ್ಕಿನಲ್ಲಿ ಶಬ್ದ ಸಲೀಸಾಗಿ ಹರಿಯುವುದರಿಂದ ಕ್ಯಾಬಿನ್‌ನಲ್ಲಿ ಕೂತವರಿಗೆ ಹಿಂದಿನ ಸದ್ದು ಕಾಲಬುಡದಲ್ಲೇ ಕೇಳಿಸುವುದೂ ಉಂಟು. ಆದ್ದರಿಂದ ಕಿವಿ ತೋರಿಸಿದ ದಿಕ್ಕನ್ನು ನಂಬಿ ಬಿಚ್ಚಲು ಹೊರಡಬಾರದು. ಕೂಗು ಎಂಜಿನ್ನಿನ ಸುತ್ತಿಗೆ ಅಂಟಿಕೊಂಡಿದೆಯೋ, ಚಕ್ರದ ಸುತ್ತಿಗೋ, ಹೊರೆಗೋ ಎಂಬುದನ್ನು ಮೊದಲು ತೀರ್ಮಾನಿಸಬೇಕು.

ನಿಂತ ಗಾಡಿಯನ್ನು ನ್ಯೂಟ್ರಲ್‌ನಲ್ಲಿಟ್ಟು ರೇಸ್ ಮಾಡಿದಾಗಲೂ ಕೂಗು ಬಂದರೆ ಆಲ್ಟರ್ನೇಟರ್ ಬೇರಿಂಗ್, ಬೆಲ್ಟಿನ ಪುಲ್ಲಿ, ಪವರ್ ಸ್ಟೀರಿಂಗ್ ಪಂಪ್ ಇವುಗಳ ಮೇಲೆ ಅನುಮಾನ. ಕ್ಲಚ್ ಒತ್ತಿದೊಡನೆ ಅಡಗಿದರೆ ಗೇರ್‌ಬಾಕ್ಸಿನ ಇನ್‌ಪುಟ್ ಬೇರಿಂಗ್ ನೋಡಬೇಕು. ಆದರೆ ಈ ಪರೀಕ್ಷೆಯಲ್ಲಿ ಗಾಡಿ ಸುಮ್ಮನಿತ್ತೆಂದು ಎಂಜಿನ್ ಭಾಗವನ್ನೆಲ್ಲ ಪಟ್ಟಿಯಿಂದ ತೆಗೆದುಹಾಕುವುದು ತಪ್ಪು. ಹೊರೆಯಿಲ್ಲದ ಎಂಜಿನ್‌ನಲ್ಲಿ ಟರ್ಬೋ ಹೆಚ್ಚು ಒತ್ತಡ ಕಟ್ಟುವುದಿಲ್ಲ. ಅದರ ಹೋಸ್ ಪೈಪಿನ ಸೀಳು ಏರಿನಲ್ಲಿ ಮಾತ್ರ ‘ಸುಂಯ್’ ಎನ್ನಬಹುದು. ಎಳೆತ ಕುಗ್ಗಿ ಕಪ್ಪು ಹೊಗೆಯೂ ಬರುತ್ತಿದ್ದರೆ, ಹೋಸಿನ ಕ್ಲಿಪ್ಪಿನ ಬಳಿ ಎಣ್ಣೆಯ ಪಸೆ ಕಂಡರೆ, ಹೌಸಿಂಗ್ ಮುಟ್ಟುವ ಅಗತ್ಯವೇ ಇಲ್ಲ.

ಮುಂದಿನದು ರಸ್ತೆಯ ಪರೀಕ್ಷೆ. ನಸುಕಿನಲ್ಲಿ ಯಲಹಂಕದಾಚೆಯ ದೊಡ್ಡಬಳ್ಳಾಪುರ ರಸ್ತೆ ಇದಕ್ಕೆ ಅನುಕೂಲ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಮೂರನೇ ಗೇರ್‌ನಲ್ಲಿ ಒಮ್ಮೆ, ಅದೇ ವೇಗದಲ್ಲಿ ನಾಲ್ಕನೆಯದರಲ್ಲಿ ಒಮ್ಮೆ ಓಡಿಸಬೇಕು. ಗೇರ್ ಬದಲಾದಾಗ ಸ್ಥಾಯಿಯೂ ಇಳಿದರೆ ಮೂಲ ಎಂಜಿನ್ ಕಡೆಗಿದೆ. ಇಂಥ ಐದು ಗೇರ್‌ಗಳ ಪೆಟ್ಟಿಗೆಗಳಲ್ಲಿ ನಾಲ್ಕನೆಯದು ಸಾಮಾನ್ಯವಾಗಿ ಡೈರೆಕ್ಟ್. ಶಕ್ತಿ ಅಡಿಯ ಶಾಫ್ಟಿನ ಮೇಲೆ ಭಾರ ಹಾಕದೆ ನೇರ ದಾಟುತ್ತದೆ. ನಾಲ್ಕರಲ್ಲಿ ಮಾತ್ರ ಸದ್ದು ತಗ್ಗಿದರೆ ಗೇರ್‌ಬಾಕ್ಸ್ ಒಳಗೇ ದೋಷವಿದೆ. ಎರಡೂ ಗೇರ್‌ಗಳಲ್ಲಿ ಸ್ಥಾಯಿ ಕದಲದಿದ್ದರೆ ಹಿಂದಕ್ಕೆ ಹೋಗಬೇಕು.

ಇಲ್ಲಿ ಲೆಕ್ಕ ಕೈಹಿಡಿಯುತ್ತದೆ. ಟೈರಿನ ಒಂದು ಸುತ್ತಿಗೆ 2.1 ಮೀಟರ್ ಎಂದಿಟ್ಟುಕೊಂಡರೆ 40 ಕಿ.ಮೀ. ವೇಗದಲ್ಲಿ ಚಕ್ರ ಸೆಕೆಂಡಿಗೆ ಸುಮಾರು 5.3 ಸುತ್ತು ತಿರುಗುತ್ತದೆ. ಕ್ರೌನಿನಲ್ಲಿ 41 ಹಲ್ಲುಗಳಿದ್ದರೆ ಹಲ್ಲು ಹಲ್ಲಿಗೆ ಕೂಡುವ ಆವರ್ತನ 217 ಹರ್ಟ್ಸ್ ಆಸುಪಾಸು. 60ರ ವೇಗದಲ್ಲಿ 325. ಮೊಬೈಲಿನ ಧ್ವನಿ ವಿಶ್ಲೇಷಣೆಯ ಆ್ಯಪ್‌ನಲ್ಲಿ ಇದೇ ಗೆರೆ ಎದ್ದು ಕಂಡು, ವೇಗದ ಜೊತೆ ಸರಿದರೆ ಸಾಕ್ಷ್ಯ ಗಟ್ಟಿ. ಯಶವಂತಪುರದ ಮಗ್ಗುಲಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ.ಎಲ್. ಮುಂಜಾಲ್ ವಾಹನಗಳ ಸೈಲೆನ್ಸರ್ ಕುರಿತ ತಮ್ಮ ಪ್ರಸಿದ್ಧ ಗ್ರಂಥವನ್ನು 1987ರಲ್ಲೇ ಪ್ರಕಟಿಸಿದ್ದರು. ಶಬ್ದವನ್ನು ಆವರ್ತನವಾಗಿ ಓದುವ ಆ ಶಿಸ್ತು ನಮ್ಮ ಗ್ಯಾರೇಜುಗಳಿಗೂ ಇಳಿಯಬೇಕೆಂಬುದು ನನ್ನ ಆಸೆ. ಈಗ ಅದಕ್ಕೆ ಬೇಕಾದ ಉಪಕರಣ ಎಲ್ಲರ ಜೇಬಿನಲ್ಲಿದೆ.

ಟೈರಿನ ಸದ್ದು ಇದರೊಡನೆ ಬೆರೆತು ದಾರಿ ತಪ್ಪಿಸುತ್ತದೆ. ವೈಟ್‌ಟಾಪಿಂಗ್ ಆದ ಕಾಂಕ್ರೀಟ್ ಮುಗಿದು ಡಾಂಬರು ಶುರುವಾದೊಡನೆ ಸದ್ದಿನ ಗುಣ ಬದಲಾದರೆ ಟೈರನ್ನೇ ನೋಡಬೇಕು. ಹಬ್ ಬೇರಿಂಗ್ ಕೆಟ್ಟಿದ್ದರೆ ಆಕ್ಸಿಲರೇಟರ್ ಬಿಟ್ಟರೂ ಗುಡುಗುಡು ನಿಲ್ಲುವುದಿಲ್ಲ. ಹೌಸಿಂಗ್ ಹಾಗಲ್ಲ. ಹೆಬ್ಬಾಳ ಮೇಲ್ಸೇತುವೆಯನ್ನು ಮಾಲಿನ ಸಮೇತ ಏರುವಾಗ ಕೂಗಿ, ನೆತ್ತಿಯಲ್ಲಿ ಕಾಲೆತ್ತಿದೊಡನೆ ಅಡಗಿ, ಇಳಿಜಾರಿನಲ್ಲಿ ಬೇರೆ ದನಿ ತೆಗೆದರೆ ಕ್ರೌನ್ ಪಿನಿಯನ್ ಹಲ್ಲುಗಳ ಹೊಂದಾಣಿಕೆ ಕೆಟ್ಟಿದೆ ಎಂದೇ ಹೇಳಬಹುದು: ಎಳೆಯುವಾಗ ಹಲ್ಲಿನ ಒಂದು ಮೈ, ಇಳಿಯುವಾಗ ಇನ್ನೊಂದು ಮೈ ಭಾರ ಹೊರುತ್ತದೆ.

ಹೌಸಿಂಗ್ ಬಿಚ್ಚುವ ಮೊದಲು ಒಂದು ಪ್ರಶ್ನೆ ಕೇಳಲೇಬೇಕು: ಗಾಡಿ ಮಳೆನೀರಿಗೆ ಇಳಿದಿತ್ತೇ? 2024ರ ಅಕ್ಟೋಬರಿನ ಮಳೆಯಲ್ಲಿ ಯಲಹಂಕದ ಕೇಂದ್ರೀಯ ವಿಹಾರ ವಸತಿ ಸಮುಚ್ಚಯದೊಳಕ್ಕೆ ದೋಣಿ ಇಳಿಸಬೇಕಾಯಿತು. ಓಡಿ ಕಾದ ಹೌಸಿಂಗ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಬ್ರೀದರ್ ಮತ್ತು ಸವೆದ ಸೀಲುಗಳ ಮೂಲಕ ನೀರನ್ನು ಹೀರಿಕೊಳ್ಳುತ್ತದೆ. ಆಗ ಆಯಿಲ್ ಹಾಲುಬಿಳುಪಿಗೆ ತಿರುಗುತ್ತದೆ. ಕ್ರೌನ್ ಪಿನಿಯನ್ ಹಲ್ಲುಗಳು ಉರುಳುವುದರ ಜೊತೆಗೆ ಒಂದರ ಮೇಲೊಂದು ಜಾರುವುದರಿಂದ ಅವುಗಳ ಆಯುಸ್ಸು ಆಯಿಲಿನ ಪದರದಲ್ಲೇ ಇದೆ. ತಿಂಗಳುಗಳ ಬಳಿಕ ಪಿನಿಯನ್ ಬೇರಿಂಗ್ ಗುಳಿಬಿದ್ದು ಕೂಗು ಶುರುವಾದಾಗ ಆ ಮಳೆ ಯಾರ ನೆನಪಿನಲ್ಲೂ ಇರುವುದಿಲ್ಲ.

ಇನ್ನೊಂದು ಕಾರಣ ರಿಪೇರಿಯಿಂದಲೇ ಹುಟ್ಟುತ್ತದೆ. ಪಿನಿಯನ್ ಆಯಿಲ್ ಸೀಲ್ ಬದಲಿಸಿ, ನಟ್ಟನ್ನು ಅಂದಾಜಿನಲ್ಲಿ ಬಿಗಿದರೆ ಬೇರಿಂಗಿನ ಮುನ್‌ಬಿಗಿ ತಪ್ಪುತ್ತದೆ. ಹಿಂದಿನ ವಾರವಷ್ಟೇ ಸೀಲ್ ಹಾಕಿಸಿದ್ದ ಗಾಡಿ ಕೂಗಿದರೆ ಮೊದಲು ಅಲ್ಲಿ ಕೈಯಿಡಬೇಕು. ಇಂಥ ಗಾಡಿಗೆ ದಪ್ಪ ಆಯಿಲ್ ಸುರಿದು ಸದ್ದಡಗಿಸಿ ಕಳಿಸುವುದನ್ನು ನಾನು ಒಪ್ಪಲಾರೆ. ಸವೆತ ಒಳಗೆ ಮುಂದುವರಿಯುತ್ತಲೇ ಇರುತ್ತದೆ.

ಹಲ್ಲಿಗೆ ಏಟಾಗಿರದಿದ್ದರೆ ಬೇರಿಂಗ್ ಬದಲಿಸಿ, ಶಿಮ್ ಹೊಂದಿಸಿದರೆ ಸಾಕಾಗಬಹುದು. ಹಲ್ಲಿಗೆ ನೀಲಿ ಬಣ್ಣ ಸವರಿ, ಕ್ರೌನನ್ನು ತಡೆಹಿಡಿದು ತಿರುಗಿಸಿದಾಗ ಉಜ್ಜಿದ ಗುರುತು ಹಲ್ಲಿನ ನಡುಭಾಗದಲ್ಲಿ ಮೂಡಬೇಕು. ತುದಿಗೋ ಅಂಚಿಗೋ ಸರಿದಿದ್ದರೆ ಶಿಮ್ ಮತ್ತೆ ಬದಲಿಸಬೇಕು. ಹಲ್ಲುಗಳ ನಡುವಿನ ಸಡಿಲ ಮಿಲಿಮೀಟರಿನ ಹತ್ತನೇ ಒಂದೆರಡು ಭಾಗದ ಲೆಕ್ಕದ್ದು, ಅದನ್ನು ಡಯಲ್ ಗೇಜಿನಲ್ಲೇ ಅಳೆಯಬೇಕು. ಹಲ್ಲು ಕಿತ್ತಿದ್ದರೆ ಕ್ರೌನ್ ಪಿನಿಯನ್ ಎರಡನ್ನೂ ಜೋಡಿಯಾಗಿಯೇ ಬದಲಿಸಬೇಕು, ಏಕೆಂದರೆ ಅವನ್ನು ಕಾರ್ಖಾನೆಯಲ್ಲಿ ಒಂದಕ್ಕೊಂದು ಉಜ್ಜಿ ಕೂಡಿಸಿರುತ್ತಾರೆ. ಹಳೆಯ ಕ್ರೌನಿಗೆ ಹೊಸ ಪಿನಿಯನ್ ಹಾಕಿದರೆ ಕೂಗು ಮರಳುತ್ತದೆ. ಹೊಸ ಜೋಡಿಗೆ ಮೊದಲ ಕೆಲವು ನೂರು ಕಿ.ಮೀ. ಪೂರ್ತಿ ಲೋಡ್ ಹಾಕಬಾರದು. ಯಾರ್ಡಿನ ಬಾಡಿಗೆ ನಂಬಿದ ಮಾಲೀಕರಿಗೆ ಇದು ಕಷ್ಟದ ಮಾತು. ಹಾಗಾಗಿಯೇ ಗ್ಯಾರೇಜಿನವರು ಇದನ್ನು ಬಾಯಲ್ಲಿ ಹೇಳಿ ಬಿಡದೆ ಬಿಲ್ಲಿನ ಮೇಲೆ ಬರೆದುಕೊಡಬೇಕು.