ಹನಿಗೂಡಿದರೆ ಹಳ್ಳ: ಸಮುದ್ರದ ಕಚ್ಚಾ ತೈಲದಿಂದ ನೀರನ್ನು ಬೇರ್ಪಡಿಸುವ ವಿದ್ಯುತ್ ಕ್ಷೇತ್ರ

ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಹೋಗುವ ಹೆದ್ದಾರಿಯ ಮೇಲಿರುವ ಕುಂಭಾರಿಗೂ ಅರಬ್ಬಿ ಸಮುದ್ರಕ್ಕೂ ನೇರ ಸಂಬಂಧವೇನೂ ಕಾಣದು. ಮುಂಬಯಿ ಇಲ್ಲಿಂದ ಸುಮಾರು 400 ಕಿಲೋಮೀಟರ್ ದೂರ. ಆದರೂ ಈ ರಸ್ತೆಯಲ್ಲಿ ಓಡುವ ಎಸ್.ಟಿ. ಬಸ್ಸಿನ ಡೀಸೆಲ್ಲಿನಲ್ಲಿ ಸಮುದ್ರದ ಪಾಲು ಇರಬಹುದು. ಮುಂಬಯಿಯ ಪಶ್ಚಿಮಕ್ಕೆ ಸುಮಾರು 160 ಕಿಲೋಮೀಟರ್ ದೂರದ ‘ಮುಂಬಯಿ ಹೈ’ ತೈಲಕ್ಷೇತ್ರದ ಕಚ್ಚಾ ತೈಲವು ಸಮುದ್ರತಳದ ಕೊಳವೆಗಳಲ್ಲಿ ಹರಿದು ದಡ ಸೇರುತ್ತದೆ. ಮುಂಬಯಿಯ ಮಾಹುಲದಲ್ಲಿರುವ ಹಿಂದೂಸ್ತಾನ್ ಪೆಟ್ರೋಲಿಯಂ ರಿಫೈನರಿಯಲ್ಲಿ ಈ ತೈಲವೂ ಆಮದು ತೈಲವೂ ಶುದ್ಧೀಕರಣಗೊಳ್ಳುತ್ತವೆ. ಅಲ್ಲಿಂದ 508 ಕಿಲೋಮೀಟರ್ ಉದ್ದದ ಮುಂಬಯಿ–ಪುಣೆ–ಸೊಲ್ಲಾಪುರ ಕೊಳವೆಮಾರ್ಗದ ಮೂಲಕ ಪೆಟ್ರೋಲು ಮತ್ತು ಡೀಸೆಲ್ಲು ಸೊಲ್ಲಾಪುರದ ಬಳಿಯ ಪಾಕಣಿ ಸಂಗ್ರಹಾಗಾರವನ್ನು ತಲುಪುತ್ತವೆ.

ಈ ದೀರ್ಘ ಪ್ರಯಾಣದ ಮೊದಲ ಹಂತಗಳಲ್ಲಿಯೇ ಒಂದು ಕಾರ್ಯ ನಡೆಯಬೇಕಾಗುತ್ತದೆ. ತೈಲದಲ್ಲಿ ಅಡಗಿರುವ ನೀರನ್ನು ಹೊರತೆಗೆಯಬೇಕು. ಅದಕ್ಕೆ ವಿದ್ಯುತ್ ಕ್ಷೇತ್ರವನ್ನು ಹೇಗೆ ಬಳಸುತ್ತಾರೆ ಎಂಬುದನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳೂ ಪಾಲಕರೂ ಕೂಡಿ ಓದಲು ಅನುಕೂಲವಾಗುವಂತೆ ಇಲ್ಲಿ ವಿವರಿಸಲಾಗಿದೆ.

ತೈಲದಲ್ಲಿ ನೀರು ಎಲ್ಲಿಂದ ಬಂತು?

ಭೂಗರ್ಭದಲ್ಲಿ ಕಚ್ಚಾ ತೈಲವು ಕೆರೆಯಂತೆ ನಿಂತಿರುವುದಿಲ್ಲ. ಸುಣ್ಣಕಲ್ಲು, ಮರಳುಗಲ್ಲುಗಳ ಸೂಕ್ಷ್ಮ ರಂಧ್ರಗಳಲ್ಲಿ ಎಣ್ಣೆ, ಅನಿಲ ಮತ್ತು ಉಪ್ಪುನೀರು ಒಟ್ಟಿಗೆ ಇರುತ್ತವೆ. ಬಾವಿ ಕೊರೆದಾಗ ಮೂರೂ ಮೇಲೆ ಬರುತ್ತವೆ. ಬಾವಿ ಹೊಸದಾಗಿದ್ದಾಗ ನೀರಿನ ಪ್ರಮಾಣ ಕಡಿಮೆ; ವರ್ಷಗಳು ಕಳೆದಂತೆ ಅದು ಹೆಚ್ಚುತ್ತದೆ. ಒತ್ತಡವನ್ನು ಕಾಯ್ದುಕೊಳ್ಳಲು ಮೇಲಿನಿಂದಲೂ ನೀರನ್ನು ಬಂಡೆಯೊಳಗೆ ನೂಕುವುದುಂಟು. ಹೀಗಾಗಿ ಹಳೆಯ ತೈಲಕ್ಷೇತ್ರಗಳಲ್ಲಿ ಎಣ್ಣೆಗಿಂತ ನೀರೇ ಹೆಚ್ಚಾಗಿ ಬರುವುದು ಸಾಮಾನ್ಯ. ಮುಂಬಯಿ ಹೈ ಕೂಡ ಹಳೆಯ ಕ್ಷೇತ್ರವೇ. 1974ರ ಫೆಬ್ರುವರಿಯಲ್ಲಿ ‘ಸಾಗರ ಸಾಮ್ರಾಟ್’ ಎಂಬ ಕೊರೆಯುವ ನೌಕೆ ಅಲ್ಲಿ ತೈಲವನ್ನು ಕಂಡುಹಿಡಿಯಿತು. 1976ರ ಮೇ 21ರಂದು ಉತ್ಪಾದನೆ ಆರಂಭವಾಯಿತು.

ಈ ನೀರಿನ ಒಂದು ಭಾಗ ಸುಲಭವಾಗಿ ಬೇರೆಯಾಗುತ್ತದೆ. ದೊಡ್ಡ ತೊಟ್ಟಿಯಲ್ಲಿ ಕೆಲವು ನಿಮಿಷ ನಿಲ್ಲಿಸಿದರೆ ಭಾರವಾದ ನೀರು ತಳಕ್ಕಿಳಿಯುತ್ತದೆ, ಹಗುರವಾದ ಎಣ್ಣೆ ಮೇಲುಳಿಯುತ್ತದೆ. ಉಳಿದ ಭಾಗವೇ ತೊಡಕಿನದು. ಬಾವಿಯ ಬಾಯಲ್ಲಿರುವ ಕವಾಟದ ಇಕ್ಕಟ್ಟಿನಲ್ಲಿ ಎಣ್ಣೆ–ನೀರು ರಭಸದಿಂದ ನುಗ್ಗುವಾಗ, ಕಡೆಗೋಲಿನಿಂದ ಕಡೆದಂತೆ ನೀರು ಸೂಕ್ಷ್ಮ ಹನಿಗಳಾಗಿ ಒಡೆದು ಎಣ್ಣೆಯಲ್ಲಿ ಬೆರೆತುಹೋಗುತ್ತದೆ. ಇಂತಹ ಮಿಶ್ರಣಕ್ಕೆ ಎಮಲ್ಷನ್ ಎಂದು ಹೆಸರು. ನಮ್ಮ ಮನೆಯ ಬೆಣ್ಣೆಯೂ ಇದೇ ಬಗೆಯದು: ಜಿಡ್ಡಿನೊಳಗೆ ನೀರಿನ ಸೂಕ್ಷ್ಮ ಹನಿಗಳು. ಬೆಣ್ಣೆ ಕಾಯಿಸುವಾಗ ಕೇಳಿಬರುವ ಚಿಟಿಚಿಟಿ ಸದ್ದು ಆ ನೀರು ಆವಿಯಾಗುವ ಸದ್ದು. ಸದ್ದು ನಿಂತರೆ ತುಪ್ಪವಾಯಿತು ಎಂದು ನಮ್ಮ ತಾಯಂದಿರು ತಿಳಿಯುತ್ತಾರೆ.

ಕಚ್ಚಾ ತೈಲದಲ್ಲಿರುವ ಆಸ್ಫಾಲ್ಟೀನ್, ರಾಳ, ಮೇಣ ಮತ್ತು ನುಣುಪಾದ ಜೇಡಿಯ ಕಣಗಳು ಪ್ರತಿಯೊಂದು ನೀರಹನಿಯ ಸುತ್ತಲೂ ತೆಳುವಾದ ಪೊರೆಯನ್ನು ಕಟ್ಟುತ್ತವೆ. ಎರಡು ಹನಿಗಳು ಪರಸ್ಪರ ತಾಗಿದರೂ ಪೊರೆ ಅಡ್ಡಬರುವುದರಿಂದ ಒಂದಾಗುವುದಿಲ್ಲ.

ನೀರನ್ನು ಏಕೆ ತೆಗೆಯಬೇಕು?

ಕಾರಣಗಳು ಮುಖ್ಯವಾಗಿ ಮೂರು.

ಒಂದು, ನೀರಿನೊಂದಿಗೆ ಉಪ್ಪು ಬರುತ್ತದೆ. ಅದರಲ್ಲಿರುವ ಮೆಗ್ನೀಸಿಯಂ ಮತ್ತು ಕ್ಯಾಲ್ಸಿಯಂ ಕ್ಲೋರೈಡುಗಳು ರಿಫೈನರಿಯ ಶಾಖದಲ್ಲಿ ನೀರಿನೊಂದಿಗೆ ವರ್ತಿಸಿ ಹೈಡ್ರೋಕ್ಲೋರಿಕ್ ಆಮ್ಲವನ್ನು ಉಂಟುಮಾಡುತ್ತವೆ. ಆ ಆಮ್ಲ ಉಕ್ಕನ್ನು ಕೊರೆಯುತ್ತದೆ. ಸಮುದ್ರತಳದ ಕೊಳವೆಯಲ್ಲಿಯೂ ಉಪ್ಪುನೀರು ತುಕ್ಕಿಗೆ ಕಾರಣ. ಅಲ್ಲಿ ತೂತು ಬಿದ್ದರೆ ಎಣ್ಣೆ ಮೀನುಗಾರರ ಸಮುದ್ರಕ್ಕೆ ಸೇರುತ್ತದೆ.

ಎರಡು, ನೀರು ಕುದಿದು ಆವಿಯಾದರೆ ಅದರ ಗಾತ್ರ ಸುಮಾರು 1,600 ಪಟ್ಟು ಹಿಗ್ಗುತ್ತದೆ. ಸುಮಾರು 350 ಡಿಗ್ರಿ ಸೆಲ್ಸಿಯಸ್ ಶಾಖದ ಕುಲುಮೆಗೆ ನೀರು ಬೆರೆತ ತೈಲ ಹೊಕ್ಕರೆ ಒತ್ತಡ ಹಠಾತ್ತನೆ ಏರಿ ಅಪಾಯ ಸಂಭವಿಸಬಹುದು.

ಮೂರು, ನೀರನ್ನು ಸಾಗಿಸುವುದು ವ್ಯರ್ಥ ವೆಚ್ಚ. ಆದ್ದರಿಂದ ಕೊಳವೆಗೆ ಅಥವಾ ಹಡಗಿಗೆ ಹೋಗುವ ತೈಲದಲ್ಲಿ ನೀರು ಮತ್ತು ಕಸರು ಸಾಮಾನ್ಯವಾಗಿ ಶೇಕಡಾ 0.5ರಿಂದ 1ರೊಳಗೆ ಇರಬೇಕೆಂದು ಖರೀದಿದಾರರು ಕೇಳುತ್ತಾರೆ.

ಕಾಲವೊಂದೇ ಸಾಲದು

ಗಾಣದಿಂದ ತಂದ ಕುಸುಬೆ ಎಣ್ಣೆಯನ್ನು ಕೆಲವು ದಿನ ಅಲುಗಾಡಿಸದೆ ಇಟ್ಟರೆ ಗಸಿ ತಳದಲ್ಲಿ ನಿಲ್ಲುತ್ತದೆ. ಕಚ್ಚಾ ತೈಲವನ್ನೂ ಹೀಗೆಯೇ ಇಡಬಾರದೇ? ಲೆಕ್ಕ ಹಾಕಿ ನೋಡೋಣ.

ದ್ರವದಲ್ಲಿ ಸಣ್ಣ ಹನಿ ಕೆಳಗಿಳಿಯುವ ವೇಗವನ್ನು ಸ್ಟೋಕ್ಸ್ ನಿಯಮ ತಿಳಿಸುತ್ತದೆ. ಹನಿಯ ವ್ಯಾಸದ ವರ್ಗಕ್ಕೂ ಎರಡು ದ್ರವಗಳ ಸಾಂದ್ರತೆಯ ವ್ಯತ್ಯಾಸಕ್ಕೂ ವೇಗವು ನೇರ ಅನುಪಾತದಲ್ಲಿರುತ್ತದೆ. ಎಣ್ಣೆಯ ಸ್ನಿಗ್ಧತೆಗೆ ವಿಲೋಮ ಅನುಪಾತದಲ್ಲಿರುತ್ತದೆ. ಸಾಂದ್ರತೆಯ ವ್ಯತ್ಯಾಸ ಘನ ಮೀಟರಿಗೆ 150 ಕಿಲೋಗ್ರಾಂ, ಎಣ್ಣೆಯ ಸ್ನಿಗ್ಧತೆ ನೀರಿನ ಹತ್ತು ಪಟ್ಟು ಎಂದು ಹಿಡಿಯೋಣ. ಆಗ ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು, ಅಂದರೆ 10 ಮೈಕ್ರಾನ್ ವ್ಯಾಸದ ಹನಿಯು ಗಂಟೆಗೆ ಸುಮಾರು 3 ಮಿಲಿಮೀಟರ್ ಮಾತ್ರ ಇಳಿಯುತ್ತದೆ. ಒಂದು ಮೀಟರ್ ಇಳಿಯಲು ಅದಕ್ಕೆ 14 ದಿನ ಬೇಕು. ಅದೇ ಹನಿ 100 ಮೈಕ್ರಾನ್ ಆದರೆ ವೇಗ ನೂರು ಪಟ್ಟಾಗಿ, ಸುಮಾರು ಮೂರೂವರೆ ಗಂಟೆಯಲ್ಲಿ ಒಂದು ಮೀಟರ್ ಇಳಿಯುತ್ತದೆ. 200 ಮೈಕ್ರಾನ್ ಆದರೆ ಒಂದು ಗಂಟೆಯೂ ಬೇಡ.

ಸಮುದ್ರದ ನಡುವಿನ ವೇದಿಕೆಯ ಮೇಲೆ ಹದಿನಾಲ್ಕು ದಿನದ ತೈಲವನ್ನು ತುಂಬಿಡಲು ಸ್ಥಳವಿಲ್ಲ. ಅಲ್ಲಿ ಪ್ರತಿಯೊಂದು ಟನ್ ಭಾರವನ್ನೂ ಸಮುದ್ರತಳಕ್ಕೆ ನೆಟ್ಟ ಉಕ್ಕಿನ ಕಾಲುಗಳು ಹೊರಬೇಕು. ತೈಲವನ್ನು ಬಿಸಿಮಾಡಿದರೆ ಸ್ನಿಗ್ಧತೆ ತಗ್ಗುತ್ತದೆ; ಪೊರೆಯನ್ನು ಸಡಿಲಿಸುವ ರಾಸಾಯನಿಕವನ್ನು ಅತ್ಯಲ್ಪ ಪ್ರಮಾಣದಲ್ಲಿ ಬೆರೆಸುವುದೂ ಉಂಟು. ಆದರೆ ವೇಗವು ವ್ಯಾಸದ ವರ್ಗವನ್ನು ಅವಲಂಬಿಸಿರುವುದರಿಂದ, ಹನಿಯನ್ನು ದೊಡ್ಡದು ಮಾಡುವುದೇ ಎಲ್ಲಕ್ಕಿಂತ ಫಲದಾಯಕ. ಆ ಕೆಲಸಕ್ಕೆ ವಿದ್ಯುತ್ ಕ್ಷೇತ್ರ ಬೇಕಾಗುತ್ತದೆ.

ವಿದ್ಯುತ್ ಕ್ಷೇತ್ರ ಮಾಡುವ ಕೆಲಸ

ಎಣ್ಣೆ ವಿದ್ಯುತ್ ಅವಾಹಕ. ಉಪ್ಪುನೀರು ಉತ್ತಮ ವಾಹಕ. ಈ ಒಂದು ವ್ಯತ್ಯಾಸವೇ ಇಡೀ ವಿಧಾನದ ಆಧಾರ.

ಎಣ್ಣೆಯೊಳಗೆ ಎರಡು ಲೋಹದ ಜಾಲರಿಗಳನ್ನು ಸುಮಾರು 20 ಸೆಂಟಿಮೀಟರ್ ಅಂತರದಲ್ಲಿ ಅಳವಡಿಸಿ, ಅವುಗಳ ನಡುವೆ 20,000 ವೋಲ್ಟ್ ವಿಭವಾಂತರ ಕೊಟ್ಟರೆ ಪ್ರತಿ ಸೆಂಟಿಮೀಟರಿಗೆ 1,000 ವೋಲ್ಟಿನ ಕ್ಷೇತ್ರ ಉಂಟಾಗುತ್ತದೆ. ನಮ್ಮ ಮನೆಯ ವಿದ್ಯುತ್ತು 230 ವೋಲ್ಟ್ ಎಂಬುದನ್ನು ನೆನೆದರೆ ಇದರ ಪ್ರಬಲತೆ ತಿಳಿಯುತ್ತದೆ. ಎಣ್ಣೆ ಅವಾಹಕವಾದ್ದರಿಂದ ವಿದ್ಯುತ್ ಪ್ರವಾಹ ಮಾತ್ರ ಬಹಳ ಕಡಿಮೆ.

ಈ ಕ್ಷೇತ್ರದಲ್ಲಿ ಸಿಕ್ಕ ನೀರಹನಿಯೊಳಗಿನ ಆವೇಶಗಳು ಸರಿದು, ಹನಿಯ ಒಂದು ತುದಿ ಧನಾವೇಶವನ್ನೂ ಇನ್ನೊಂದು ತುದಿ ಋಣಾವೇಶವನ್ನೂ ಪಡೆಯುತ್ತದೆ. ಇದೇ ಧ್ರುವೀಕರಣ. ಎದುರುಬದುರಾದ ಎರಡು ಹನಿಗಳಲ್ಲಿ ಒಂದರ ಧನ ತುದಿ ಮತ್ತೊಂದರ ಋಣ ತುದಿಯನ್ನು ಆಕರ್ಷಿಸುತ್ತದೆ. ಹನಿಗಳು ಸೇರುತ್ತವೆ, ನಡುವಿನ ಪೊರೆ ಹರಿಯುತ್ತದೆ, ಎರಡು ಹನಿ ಒಂದಾಗುತ್ತದೆ. ಹೀಗೆ ಬೆಳೆದ ಹನಿಯನ್ನು ಕೆಳಗಿಳಿಸುವ ಕೆಲಸ ಗುರುತ್ವಾಕರ್ಷಣೆಯದು. ಹನಿಹನಿಗೂಡಿದರೆ ಹಳ್ಳ ಎಂಬ ಗಾದೆ ಇಲ್ಲಿ ಅಕ್ಷರಶಃ ಸತ್ಯ.

ಬಳಸುವುದು ಸೆಕೆಂಡಿಗೆ 50 ಆವರ್ತನೆಯ ಪರ್ಯಾಯ ವಿದ್ಯುತ್ತಾದರೆ ಕ್ಷೇತ್ರದ ದಿಕ್ಕು ಸೆಕೆಂಡಿಗೆ 100 ಬಾರಿ ಬದಲಾಗುತ್ತದೆ. ಆದರೂ ಆಕರ್ಷಣೆ ಅಳಿಯುವುದಿಲ್ಲ. ಏಕೆಂದರೆ ಎರಡೂ ಹನಿಗಳ ಧ್ರುವಗಳು ಒಟ್ಟಿಗೆ ತಿರುಗುತ್ತವೆ. ನೇರ ವಿದ್ಯುತ್ತನ್ನೂ ಕೂಡಿಸಿ ಬಳಸುವ ವಿನ್ಯಾಸಗಳೂ ಇವೆ.

ಹನಿಗಳ ನಡುವಿನ ಅಂತರ ಇಮ್ಮಡಿಯಾದರೆ ಆಕರ್ಷಣೆ ಹದಿನಾರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಆದ್ದರಿಂದ ಅಲ್ಲಲ್ಲಿ ಚದುರಿ ಉಳಿದ ಕೊನೆಯ ಹನಿಗಳನ್ನು ಹಿಡಿಯುವುದೇ ಕಷ್ಟ. ರಿಫೈನರಿಯಲ್ಲಿ ಉಪ್ಪು ತೆಗೆಯುವಾಗ ಇದಕ್ಕೊಂದು ಜಾಣ ಉಪಾಯವಿದೆ: ಬಿಸಿ ತೈಲಕ್ಕೆ ನೂರಕ್ಕೆ ಮೂರರಿಂದ ಎಂಟು ಪಾಲು ಸಿಹಿನೀರನ್ನು ಬೇಕೆಂದೇ ಬೆರೆಸುತ್ತಾರೆ. ಹೊಸ ಹನಿಗಳು ಹಳೆಯ ಹನಿಗಳ ನೆರೆಯಲ್ಲಿ ನಿಂತು, ಅವುಗಳ ಉಪ್ಪನ್ನು ಹಂಚಿಕೊಂಡು, ಒಟ್ಟಿಗೆ ಕೆಳಗಿಳಿಯುತ್ತವೆ. ನೀರನ್ನು ತೆಗೆಯಲು ನೀರನ್ನೇ ಸೇರಿಸಿದಂತಾಯಿತು. ಕರ್ನಾಟಕದ ಮಂಗಳೂರು ರಿಫೈನರಿಯೂ ಸೇರಿದಂತೆ ಕಚ್ಚಾ ತೈಲವನ್ನು ಶುದ್ಧೀಕರಿಸುವ ಕಡೆಗಳಲ್ಲಿ ‘ಡಿಸಾಲ್ಟರ್’ ಎಂಬ ಪಾತ್ರೆಯೊಳಗೆ ನಡೆಯುವ ಕೆಲಸವಿದು.

ಪಾತ್ರೆಯ ರಚನೆ ಮತ್ತು ಎಚ್ಚರಿಕೆ

ಅಡ್ಡಲಾಗಿ ಮಲಗಿಸಿದ ದೊಡ್ಡ ಉಕ್ಕಿನ ಉರುಳೆಯೊಂದನ್ನು ಕಲ್ಪಿಸಿಕೊಳ್ಳಿ. ತೈಲವು ಕೆಳಭಾಗದಿಂದ ಒಳಬಂದು, ಮೆಲ್ಲನೆ ಮೇಲೇರುತ್ತ ಜಾಲರಿಗಳ ನಡುವೆ ಹಾಯುತ್ತದೆ. ಒಣಗಿದ ತೈಲ ಮೇಲಿನಿಂದಲೂ ನೀರು ತಳದಿಂದಲೂ ಹೊರಹೋಗುತ್ತವೆ. ವಿದ್ಯುತ್ ಪರಿವರ್ತಕ ಪಾತ್ರೆಯ ಹೊರಗೆ, ಮೇಲ್ಭಾಗದಲ್ಲಿರುತ್ತದೆ.

ಎಣ್ಣೆಯಲ್ಲಿ ಇಷ್ಟು ವೋಲ್ಟ್ ಹರಿಸಿದರೆ ಬೆಂಕಿ ಹತ್ತದೇ ಎಂಬ ಪ್ರಶ್ನೆ ಸಹಜ. ಉರಿಯಲು ಆಮ್ಲಜನಕ ಬೇಕು. ಪಾತ್ರೆ ದ್ರವದಿಂದ ಪೂರ್ಣ ತುಂಬಿರುವುದರಿಂದ ಒಳಗೆ ಗಾಳಿ ಇರುವುದಿಲ್ಲ. ದ್ರವದ ಮಟ್ಟ ಇಳಿದು ಮೇಲೆ ಅನಿಲ ಕೂಡಿಕೊಂಡರೆ ವಿದ್ಯುತ್ತು ತಾನಾಗಿ ನಿಲ್ಲುವ ವ್ಯವಸ್ಥೆ ಇರುತ್ತದೆ.

ಕ್ಷೇತ್ರವನ್ನು ಹೆಚ್ಚಿಸುತ್ತ ಹೋದರೆ ಲಾಭ ಹೆಚ್ಚುತ್ತದೆ ಎಂದು ತಿಳಿಯಬಾರದು. ಮಿತಿ ಮೀರಿದರೆ ಹನಿ ಉದ್ದಕ್ಕೆ ಎಳೆಯಲ್ಪಟ್ಟು, ತುದಿಗಳಲ್ಲಿ ಚೂಪಾಗಿ, ಮತ್ತೆ ಚೂರುಚೂರಾಗುತ್ತದೆ. ಬ್ರಿಟನ್ನಿನ ಜೆಫ್ರಿ ಟೇಲರ್ ಈ ಒಡೆಯುವಿಕೆಯನ್ನು 1964ರಲ್ಲಿ ಗಣಿತದ ಮೂಲಕ ವಿವರಿಸಿದರು. ನೀರಿನ ಅಂಶ ಬಹಳವಿದ್ದರೆ ಹನಿಗಳು ಸರಪಳಿಯಂತೆ ಸಾಲುಗಟ್ಟಿ ಎರಡು ಜಾಲರಿಗಳನ್ನು ಜೋಡಿಸಿಬಿಡುತ್ತವೆ. ಆಗ ಕ್ಷೇತ್ರವೇ ಕುಸಿಯುತ್ತದೆ. ಇದಕ್ಕೆ ಪರಿಹಾರವಾಗಿ ಅವಾಹಕದ ಹೊದಿಕೆಯುಳ್ಳ ವಿದ್ಯುದ್ವಾರಗಳು ಬಂದಿವೆ. ನಾರ್ವೆಯ ‘ಟ್ರೋಲ್ ಸಿ’ ಸಮುದ್ರ ವೇದಿಕೆಯಲ್ಲಿ ಇಂತಹ ಸಾಧನವನ್ನು ನೀರು ಹೆಚ್ಚಿರುವ ಮೊದಲ ಹಂತದ ಪಾತ್ರೆಯೊಳಗೇ ಅಳವಡಿಸಲಾಯಿತು.

ಬೇರ್ಪಟ್ಟ ನೀರನ್ನು ಹಾಗೆಯೇ ಸಮುದ್ರಕ್ಕೆ ಬಿಡುವಂತಿಲ್ಲ. ಅದರಲ್ಲಿ ಉಳಿದ ಎಣ್ಣೆಯನ್ನು ಬೇರೆ ಯಂತ್ರಗಳಿಂದ ತೆಗೆಯಬೇಕು. ಭಾರತದ ನಿಯಮದಂತೆ ಸಮುದ್ರಕ್ಕೆ ಬಿಡುವ ನೀರಿನಲ್ಲಿ ಎಣ್ಣೆಯ ಪ್ರಮಾಣ ನೂರರಲ್ಲಿ 95 ಪರೀಕ್ಷೆಗಳಲ್ಲಿ ಲೀಟರಿಗೆ 40 ಮಿಲಿಗ್ರಾಂ ಮೀರಬಾರದು. ಎಂದಿಗೂ 100 ಮಿಲಿಗ್ರಾಂ ದಾಟಬಾರದು.

ಈ ವಿಧಾನದ ಇತಿಹಾಸ ಮತ್ತು ನಮ್ಮ ತಾಲೂಕು

ಅಲ್ಪ ವಿದ್ಯುದಾವೇಶ ಹತ್ತಿರವಿದ್ದರೆ ನೀರಹನಿಗಳು ಸಿಡಿದು ದೂರವಾಗುವ ಬದಲು ಒಂದುಗೂಡುತ್ತವೆ ಎಂಬುದನ್ನು ಲಾರ್ಡ್ ರೇಲಿ 1879ರಲ್ಲಿಯೇ ಗುರುತಿಸಿದ್ದರು. ಅದನ್ನು ತೈಲಕ್ಕೆ ಅನ್ವಯಿಸಿದವರು ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಫ್ರೆಡರಿಕ್ ಕಾಟ್ರೆಲ್. ಅಲ್ಲಿಯ ತೈಲಬಾವಿಗಳ ಬಿಡಿಸಲಾರದ ಎಮಲ್ಷನ್ ಸಮಸ್ಯೆಗೆ ಸಹೋದ್ಯೋಗಿಗಳೊಂದಿಗೆ ಉತ್ತರ ಕಂಡುಹಿಡಿದು 1911ರಲ್ಲಿ ಪೇಟೆಂಟ್ ಪಡೆದರು. ಮರುವರ್ಷವೇ ತಮ್ಮ ಪೇಟೆಂಟುಗಳ ಆದಾಯ ವಿಜ್ಞಾನ ಸಂಶೋಧನೆಗೆ ಸಲ್ಲುವಂತೆ ‘ರಿಸರ್ಚ್ ಕಾರ್ಪೊರೇಷನ್’ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು.

ಇದೇ ಕಾಟ್ರೆಲ್ ಅವರ ಇನ್ನೊಂದು ಆವಿಷ್ಕಾರ ಕುಂಭಾರಿಯ ನೆರೆಯಲ್ಲಿಯೇ ಕೆಲಸ ಮಾಡುತ್ತಿದೆ. ದಕ್ಷಿಣ ಸೊಲ್ಲಾಪುರ ತಾಲೂಕಿನ ಫತಾಟೆವಾಡಿಯಲ್ಲಿ 1,320 ಮೆಗಾವಾಟ್ ಸಾಮರ್ಥ್ಯದ ಎನ್.ಟಿ.ಪಿ.ಸಿ. ಉಷ್ಣವಿದ್ಯುತ್ ಕೇಂದ್ರವಿದೆ. ಕಲ್ಲಿದ್ದಲು ಕೇಂದ್ರಗಳ ಹೊಗೆಯಲ್ಲಿರುವ ಹಾರುಬೂದಿಯನ್ನು ಚಿಮಣಿ ಸೇರುವ ಮೊದಲೇ ಹಿಡಿಯುವ ಸ್ಥಿರವಿದ್ಯುತ್ ಸಾಧನ ಅವರ ಕೊಡುಗೆ. ಅಲ್ಲಿ ಬೂದಿಯ ಕಣಗಳು ಆವೇಶ ಪಡೆದು ಲೋಹದ ಫಲಕಗಳಿಗೆ ಅಂಟುತ್ತವೆ. ಇಲ್ಲಿ ನೀರಹನಿಗಳು ಪರಸ್ಪರ ಅಂಟುತ್ತವೆ.

ಮನೆಯಲ್ಲಿ ಮಾಡಿ ನೋಡಿ

ನಲ್ಲಿಯಿಂದ ದಾರದಂತೆ ಸಣ್ಣಗೆ ನೀರು ಬಿಡಿ. ಒಣಗಿದ, ಎಣ್ಣೆ ಹಚ್ಚದ ಕೂದಲಿಗೆ ಪ್ಲಾಸ್ಟಿಕ್ ಬಾಚಣಿಗೆಯನ್ನು ಹತ್ತಾರು ಬಾರಿ ಉಜ್ಜಿ, ಧಾರೆಯ ಬಳಿಗೆ ತನ್ನಿ, ನೀರಿಗೆ ತಾಗಿಸಬೇಡಿ. ಧಾರೆ ಬಾಚಣಿಗೆಯ ಕಡೆಗೆ ಬಾಗುತ್ತದೆ. ಚಳಿಗಾಲದ ಒಣಹವೆಯಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಮನೆಯ ವಿದ್ಯುತ್ ತಂತಿಯಿಂದ ನೀರು ಅಥವಾ ಎಣ್ಣೆಯ ಮೇಲೆ ಯಾವ ಪ್ರಯೋಗವನ್ನೂ ಎಂದಿಗೂ ಮಾಡಬಾರದು.

ಪದಪರಿಚಯ

ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಕಲಿತ ನಮ್ಮ ಮಕ್ಕಳು ಹನ್ನೊಂದನೆಯ ತರಗತಿಯಲ್ಲಿ ವಿಜ್ಞಾನವನ್ನು ಇಂಗ್ಲಿಷಿನಲ್ಲಿ ಓದಬೇಕಾಗುತ್ತದೆ. ಗೊತ್ತಿದ್ದ ವಿಷಯವೂ ಹೆಸರು ಬದಲಾದಾಗ ಅಪರಿಚಿತವೆನಿಸಿ, ಎಷ್ಟೋ ಮಕ್ಕಳು ತಮಗೆ ಬುದ್ಧಿ ಸಾಲದೆಂದು ಹಿಂಜರಿಯುತ್ತಾರೆ. ಅವರ ಅನುಕೂಲಕ್ಕಾಗಿ ಈ ಲೇಖನದ ಪದಗಳ ಜೋಡಿಯನ್ನು ಕೊಡಲಾಗಿದೆ.

ವಿದ್ಯುತ್ ಕ್ಷೇತ್ರ – ಎಲೆಕ್ಟ್ರಿಕ್ ಫೀಲ್ಡ್
ವಿಭವಾಂತರ – ಪೊಟೆನ್ಷಿಯಲ್ ಡಿಫರೆನ್ಸ್
ವಿದ್ಯುದ್ವಾರ – ಎಲೆಕ್ಟ್ರೋಡ್
ಆವೇಶ – ಚಾರ್ಜ್
ಧ್ರುವೀಕರಣ – ಪೋಲರೈಸೇಷನ್
ಅವಾಹಕ – ಇನ್ಸುಲೇಟರ್
ಪರ್ಯಾಯ ವಿದ್ಯುತ್ – ಆಲ್ಟರ್ನೇಟಿಂಗ್ ಕರೆಂಟ್
ಪರಿವರ್ತಕ – ಟ್ರಾನ್ಸ್‌ಫಾರ್ಮರ್
ಸಾಂದ್ರತೆ – ಡೆನ್ಸಿಟಿ
ಸ್ನಿಗ್ಧತೆ – ವಿಸ್ಕಾಸಿಟಿ
ಹನಿಗಳ ಒಂದುಗೂಡುವಿಕೆ – ಕೋಅಲೆಸೆನ್ಸ್

ಪಾಲಕರು ಈ ಪಟ್ಟಿಯನ್ನು ಮಕ್ಕಳ ಟಿಪ್ಪಣಿ ಪುಸ್ತಕದಲ್ಲಿ ಬರೆಸಿಡಬಹುದು. ಪ್ರತಿಯೊಂದು ಪದಕ್ಕೂ ಮೊದಲು ಕನ್ನಡದಲ್ಲಿ ಅರ್ಥ ಹೇಳಿಸಿ, ಅನಂತರ ಇಂಗ್ಲಿಷ್ ಹೆಸರನ್ನು ಕೇಳಿದರೆ ಕಲಿತದ್ದು ನಿಲ್ಲುತ್ತದೆ.