ಮಣ್ಣು ಹಿಡಿದದ್ದು, ಬೇರು ಹೀರಿದ್ದು

ಕ್ಯಾಡ್ಮಿಯಂ, ಸೀಸ, ಆರ್ಸೆನಿಕ್ ಯಾವ ಹೊಲದಲ್ಲೂ ಒಂದಿಷ್ಟು ಇದ್ದೇ ಇರುತ್ತವೆ. ಬಂಡೆ ಸವೆದು ಮಣ್ಣಾಗುವಾಗಲೇ ಸೇರಿಕೊಂಡವು. ಕೃಷಿ ವಿಜ್ಞಾನ ಅವುಗಳತ್ತ ತಿರುಗಿದ್ದು ಮಾತ್ರ ತಡವಾಗಿ. 1850ರಲ್ಲಿ ಇಂಗ್ಲೆಂಡಿನ ಜೆ. ಥಾಮಸ್ ವೇ ಅಮೋನಿಯಂ ಲವಣದ ನೀರನ್ನು ಮಣ್ಣಿನ ಮೂಲಕ ಹಾಯಿಸಿ ನೋಡಿದ. ಅಮೋನಿಯಂ ಮಣ್ಣಿನಲ್ಲೇ ಉಳಿಯಿತು, ಬದಲಿಗೆ ಕ್ಯಾಲ್ಸಿಯಂ ಇಳಿದು ಬಂತು. ಮಣ್ಣು ಲೋಹವನ್ನು ಹಿಡಿಯುವ, ಬಿಡುವ ಲೆಕ್ಕಕ್ಕೆ ಇಂದಿಗೂ ಇದೇ ತಳಪಾಯ. ಆದರೆ ವೇ ಹುಡುಕುತ್ತಿದ್ದದ್ದು ಗೊಬ್ಬರದ ಗುಟ್ಟನ್ನು.

ವಿಷದ ಪ್ರಶ್ನೆ ಎತ್ತಿದ್ದು ಜಪಾನಿನ ಭತ್ತದ ಗದ್ದೆ. ಕಮಿಯೊಕಾ ಗಣಿಯಿಂದ ತೊಯಾಮಾದ ಜಿಂಜು ನದಿಗೆ ಕ್ಯಾಡ್ಮಿಯಂ ಹರಿದು ಬರುತ್ತಿತ್ತು. ಆ ನೀರು ಕುಡಿದ ಗದ್ದೆಯ ಅನ್ನ ಉಂಡವರ ಮೂತ್ರಪಿಂಡ ಕೆಟ್ಟಿತು, ಮೂಳೆ ಮೆತ್ತಗಾಗಿ ಮುರಿಯಿತು. ಹೆಚ್ಚು ನರಳಿದವರು ನಡುವಯಸ್ಸು ದಾಟಿದ ಹೆಂಗಸರು. ಇತಾಯ್-ಇತಾಯ್ ಎಂಬ ಈ ಕಾಯಿಲೆಗೆ ಕ್ಯಾಡ್ಮಿಯಂ ಕಾರಣವೆಂದು ಸರ್ಕಾರ ಒಪ್ಪಿದ್ದು 1968ರಲ್ಲಿ. 1970ರಲ್ಲಿ ಕೃಷಿಭೂಮಿಯ ಮಾಲಿನ್ಯ ತಡೆಗೆಂದೇ ಕಾನೂನು ಬಂತು. ಕೆಟ್ಟ ಮಣ್ಣನ್ನು ಅಡಿಗೆ ಹಾಕಿ ಮೇಲೆ ಒಳ್ಳೆಯ ಮಣ್ಣು ಹೊದಿಸುವ ಕೆಲಸ ಮುಗಿಯಲು 2012 ಬರಬೇಕಾಯಿತು.

1955ರಲ್ಲಿ ಆಸ್ಟ್ರೇಲಿಯಾದ ಅಲನ್ ವಾಲ್ಷ್ ಪರಮಾಣು ಹೀರಿಕೆಯ ಅಳತೆ ವಿಧಾನ ರೂಪಿಸಿದ ಮೇಲೆ ಲೋಹ ಅಳೆಯುವುದು ಸಲೀಸಾಯಿತು. ಆದರೆ ಮಣ್ಣಿನ ಒಟ್ಟು ಲೋಹಕ್ಕೂ ಕಾಳಿನ ಲೋಹಕ್ಕೂ ತಾಳೆಯೇ ಆಗುತ್ತಿರಲಿಲ್ಲ. ಸತು, ಕಬ್ಬಿಣಗಳ ಕೊರತೆ ಗುರುತಿಸಲೆಂದು ಲಿಂಡ್ಸೆ ಮತ್ತು ನಾರ್ವೆಲ್ 1978ರಲ್ಲಿ ಪ್ರಕಟಿಸಿದ ಡಿಟಿಪಿಎ ಪರೀಕ್ಷೆ, ಗಿಡಕ್ಕೆ ದಕ್ಕುವ ಪಾಲನ್ನಷ್ಟೇ ಅಂದಾಜಿಸುತ್ತದೆ; ಮುಂದೆ ಅದನ್ನೇ ಕ್ಯಾಡ್ಮಿಯಂ, ಸೀಸಕ್ಕೂ ಬಳಸಿದರು. ಮರುವರ್ಷ ಟೆಸಿಯೆ ತಂಡ ಲೋಹವನ್ನು ಐದು ಭಾಗವಾಗಿ ಬಿಡಿಸುವ ಕ್ರಮ ಕೊಟ್ಟಿತು. ಆ ಐದನ್ನು ಸಂಶೋಧನಾ ಪ್ರಬಂಧಗಳು ಅತಿಯಾಗಿ ನಂಬಿದವೆಂದೇ ನನ್ನ ಅನಿಸಿಕೆ. ಬಳಸುವ ರಾಸಾಯನಿಕ ಬದಲಾದರೆ ಭಾಗಗಳ ಪ್ರಮಾಣವೂ ಬದಲಾಗುತ್ತದೆ.

ಗಟ್ಟಿ ಉತ್ತರ ಸಿಕ್ಕಿದ್ದು ರಸಸಾರದಲ್ಲಿ. ಮಣ್ಣು ಹುಳಿಯಾದಷ್ಟೂ ಕ್ಯಾಡ್ಮಿಯಂ, ಸತು ಕರಗಿ ಬೇರಿಗೆ ಸಿಗುತ್ತವೆ. ಸುಣ್ಣ ಹಾಕಿದರೆ ಮಣ್ಣಿಗಂಟಿ ಕೂರುತ್ತವೆ. ಆರ್ಸೆನಿಕ್ ಈ ಲೆಕ್ಕಕ್ಕೆ ಒಗ್ಗದು. ಗದ್ದೆಯಲ್ಲಿ ನೀರು ನಿಂತು ಗಾಳಿಯಾಡದಿದ್ದಾಗ ಗಂಧಕವು ಸಲ್ಫೈಡ್ ಆಗಿ ಕ್ಯಾಡ್ಮಿಯಂ ಅನ್ನು ಕಟ್ಟಿಹಾಕುತ್ತದೆ. ಅದೇ ಹೊತ್ತಿಗೆ ಕಬ್ಬಿಣದ ಆಕ್ಸೈಡ್ ಕರಗಿ, ಅದಕ್ಕಂಟಿದ್ದ ಆರ್ಸೆನಿಕ್ ಬಿಡುಗಡೆಯಾಗುತ್ತದೆ. ನೀರು ಬಸಿದರೆ ಇದೆಲ್ಲ ತಿರುವುಮುರುವು. ಎರಡೂ ಇರುವ ಗದ್ದೆಯಲ್ಲಿ ರೈತ ಯಾವುದನ್ನು ತಡೆಯಬೇಕು? ಜಪಾನಿನ ಸಂಶೋಧಕರು ಬೇರನ್ನೇ ಬದಲಿಸಲು ಹೊರಟರು. ಮ್ಯಾಂಗನೀಸ್ ಒಳಬರುವ ಬಾಗಿಲಲ್ಲೇ ಕ್ಯಾಡ್ಮಿಯಂ ನುಸುಳುತ್ತದೆ; ಆ ಬಾಗಿಲಿನ ಜೀನ್ ಕೆಲಸ ಮಾಡದ ಕೊಶಿಹಿಕಾರಿ ಭತ್ತದ ಕಾಳಿನಲ್ಲಿ ಕ್ಯಾಡ್ಮಿಯಂ ಇಲ್ಲವೆನ್ನುವಷ್ಟು ಕಡಿಮೆಯೆಂದು 2012ರಲ್ಲಿ ತೋರಿಸಿದರು. ಇಂಥ ಭತ್ತ ಬೆಳೆದರೆ ಗದ್ದೆಯ ನೀರು ಬಸಿದು ಆರ್ಸೆನಿಕ್ ತಗ್ಗಿಸಬಹುದು.

ನಮ್ಮ ಮಲೆನಾಡಿನ ಕಥೆ ತಾಮ್ರದ್ದು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಮೈಸೂರು ಸಂಸ್ಥಾನದ ಲೆಸ್ಲಿ ಕೋಲ್ಮನ್ ಬಳಕೆಗೆ ತಂದು ಶತಮಾನ ದಾಟಿತು. ಅದರಲ್ಲಿರುವ ಮೈಲುತುತ್ತದ ತಾಮ್ರ ಕೊಳೆಯುವುದಿಲ್ಲ, ಬಹುಪಾಲು ತೋಟದ ಮೇಲ್ಮಣ್ಣಿನಲ್ಲೇ ಸೇರುತ್ತಾ ಹೋಗುತ್ತದೆ. ಬೆಂಗಳೂರಿನ ಸುತ್ತ ಸಮಸ್ಯೆ ಬೇರೆ. ವೃಷಭಾವತಿ ನದಿಯ ಕೊಳಚೆ ನೀರಿನಲ್ಲಿ ಬೆಳೆಯುವ ಸೊಪ್ಪು ನಗರಕ್ಕೇ ಮರಳುತ್ತದೆ; ಕಾಳಿಗಿಂತ, ಕಾಯಿಗಿಂತ ಸೊಪ್ಪಿನಲ್ಲೇ ಸಾಮಾನ್ಯವಾಗಿ ಲೋಹ ಹೆಚ್ಚು.

2015ರಲ್ಲಿ ಬಂದ ಮಣ್ಣು ಆರೋಗ್ಯ ಕಾರ್ಡ್ ಪರೀಕ್ಷಿಸುವುದು 12 ಅಂಶಗಳನ್ನು. ರಸಸಾರ, ಸಾವಯವ ಇಂಗಾಲ ಅದರಲ್ಲಿವೆ, ಪೋಷಕಾಂಶದ ಲೆಕ್ಕದಲ್ಲಿ ಸತು, ತಾಮ್ರಗಳೂ ಇವೆ. ಕ್ಯಾಡ್ಮಿಯಂ, ಸೀಸಕ್ಕೆ ಜಾಗವಿಲ್ಲ. ಎಲ್ಲ ಹೊಲಕ್ಕೂ ಬೇಡ, ಕೊಳಚೆ ನೀರು ಹಾಯುವ ಹೊಲಗಳ ಕಾರ್ಡಿಗಾದರೂ ಕೃಷಿ ಇಲಾಖೆ ಇವೆರಡನ್ನು ಸೇರಿಸಲಿ.