ಶುಗರ್ ಇದೆಯಾ?

‘ಸಕ್ಕರೆ ಇದೆಯಾ?’ ಎಂದರೆ ಡಬ್ಬಿಯ ವಿಚಾರ. ‘ಶುಗರ್ ಇದೆಯಾ?’ ಎಂದರೆ ಮೈಯ ವಿಚಾರ. ಯಾರೂ ಹೇಳಿಕೊಡದೆ ಕನ್ನಡಿಗರೆಲ್ಲ ಈ ವ್ಯತ್ಯಾಸ ಕಲಿತಿದ್ದೇವೆ. ಮದುವೆಮನೆಯಲ್ಲಿ ಎಲೆಗೆ ಕೈ ಅಡ್ಡ ಹಿಡಿದು ‘ನಂಗೆ ಶುಗರ್’ ಎಂದರೆ ಸಾಕು, ಹೋಳಿಗೆ ಬಡಿಸುವವರು ಮುಂದಿನ ಎಲೆಗೆ ಹೋಗುತ್ತಾರೆ. ಧಾರವಾಡದ ಕಡೆಯ ಹಿರಿಯರು ‘ಸಕ್ರಿ ಬ್ಯಾನಿ’ ಎನ್ನುತ್ತಾರೆ. ಪತ್ರಿಕೆ, ಭಾಷಣಗಳಲ್ಲಿ ಅದು ಮಧುಮೇಹ. ಊಟದ ಪಂಕ್ತಿಯಲ್ಲಿ, ಬಸ್ಸಿನಲ್ಲಿ, ಔಷಧಿ ಅಂಗಡಿಯಲ್ಲಿ ಮಾತ್ರ ಶುಗರ್.

ಸಕ್ಕರೆ, ಶುಗರ್ ಎರಡೂ ಹುಟ್ಟಿನಿಂದ ಒಂದೇ ಪದ. ಸಂಸ್ಕೃತದ ‘ಶರ್ಕರಾ’ಕ್ಕೆ ಮೊದಲಿದ್ದ ಅರ್ಥ ಮರಳು, ಹರಳು. ಅದೇ ಪ್ರಾಕೃತದ ದಾರಿಯಲ್ಲಿ ನಮಗೆ ಸಕ್ಕರೆಯಾಗಿ ಬಂತು. ಪರ್ಷಿಯ, ಅರಬ್ ನಾಡು, ಯುರೋಪುಗಳನ್ನು ಸುತ್ತಿ ಶುಗರ್ ಆಗಿಯೂ ಮರಳಿತು. ಇದೇ ಮನೆತನದ ಇನ್ನೊಂದು ಪದ ಶಾಲೆಯ ವಿಜ್ಞಾನ ಪುಸ್ತಕದಲ್ಲಿತ್ತು: ಶರ್ಕರಪಿಷ್ಟ. ಪರೀಕ್ಷೆ ಮುಗಿದ ಮೇಲೆ ಅದನ್ನು ಮರೆತೆವು. ನನಗೇನೋ ಎಲ್ಲಕ್ಕಿಂತ ಹೆಚ್ಚಾಗಿ ನೆನಪಿಡಬೇಕಾದದ್ದು ಅದೇ ಅನ್ನಿಸುತ್ತದೆ.

ಏಕೆಂದರೆ ಕಾಯಿಲೆ ಗೊತ್ತಾದ ದಿನ ಬಹಳ ಜನ ಕೇಳುವ ಮೊದಲ ಪ್ರಶ್ನೆ, ‘ನಾನು ಸಿಹಿನೇ ಮುಟ್ಟಲ್ಲ, ನಂಗೆ ಹೇಗೆ ಬಂತು?’ ಎಂದು. ಆ ಪ್ರಶ್ನೆಯನ್ನು ಹುಟ್ಟಿಸಿದ್ದು ಕಾಯಿಲೆಯ ಹೆಸರು. ಅನ್ನ, ಮುದ್ದೆ, ರೊಟ್ಟಿ, ಇಡ್ಲಿ ಎಲ್ಲದರಲ್ಲೂ ಶರ್ಕರಪಿಷ್ಟವಿದೆ. ಹೊಟ್ಟೆಗೆ ಹೋದ ಮೇಲೆ ಅದು ಗ್ಲೂಕೋಸ್ ಆಗಿ ರಕ್ತಕ್ಕೆ ಇಳಿಯುತ್ತದೆ. ಅಲ್ಲಿಂದ ಅದನ್ನು ಜೀವಕೋಶಗಳಿಗೆ ದಾಟಿಸುವುದು ಮೇದೋಜೀರಕ ಗ್ರಂಥಿ ಸುರಿಸುವ ಇನ್ಸುಲಿನ್‌ನ ಕೆಲಸ. ನಮ್ಮಲ್ಲಿ ಹೆಚ್ಚಾಗಿ ಕಾಣುವ ಟೈಪ್ 2 ಬಗೆಯಲ್ಲಿ ಇನ್ಸುಲಿನ್ ಇದ್ದರೂ ಮೈ ಅದರ ಮಾತು ಕೇಳುವುದಿಲ್ಲ. ವರ್ಷಗಳು ಕಳೆದಂತೆ ಗ್ರಂಥಿಯೂ ಸೋಲುತ್ತದೆ. ಇದಕ್ಕೆ ವಂಶದ ಪಾಲಿದೆ, ಹೊಟ್ಟೆಯ ಸುತ್ತ ಕೂತ ಕೊಬ್ಬಿನ ಪಾಲಿದೆ, ಕೂತೇ ಕಳೆಯುವ ದಿನಗಳ ಪಾಲಿದೆ. ಕಾಫಿಗೆ ಸಕ್ಕರೆ ಬಿಟ್ಟು ಎರಡು ತಟ್ಟೆ ಅನ್ನ ಉಣ್ಣುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಅವರದು ನಿಜವಾದ ತ್ಯಾಗವೇ, ಆದರೆ ಅಷ್ಟು ಸಾಲದು.

‘ಮಧುಮೇಹ’ ಎಂಬ ಹೆಸರೂ ನಮ್ಮನ್ನು ಸ್ವಲ್ಪ ಕಾಯಿಸುತ್ತದೆ. ಮೇಹ ಎಂದರೆ ಮೂತ್ರ ಹರಿಯುವುದು. ರೋಗಿಯ ಮೂತ್ರಕ್ಕೆ ಇರುವೆ ಮುತ್ತುವುದನ್ನು ಆಯುರ್ವೇದದ ಹಳೆಯ ಗ್ರಂಥಗಳು ಗುರುತಿಸಿದ್ದವು. ಆ ಸಿಹಿ ಸಕ್ಕರೆಯದೇ ಎಂದು ಇಂಗ್ಲೆಂಡಿನ ವೈದ್ಯ ಮ್ಯಾಥ್ಯೂ ಡಾಬ್ಸನ್ ತೋರಿಸಿದ್ದು 1776ರಲ್ಲಿ. ಆದರೆ ರಕ್ತದ ಗ್ಲೂಕೋಸ್ ಒಂದು ಡೆಸಿಲೀಟರಿಗೆ ಸುಮಾರು 180 ಮಿಲಿಗ್ರಾಂ ದಾಟುವ ತನಕ ಮೂತ್ರಪಿಂಡಗಳು ಅದನ್ನು ಹೊರಗೆ ಬಿಡುವುದಿಲ್ಲ. ಖಾಲಿಹೊಟ್ಟೆಯಲ್ಲಿ 126 ಮುಟ್ಟಿದರೇ ಕಾಯಿಲೆ. ನಡುವಿನ ಈ ಅಂತರದಲ್ಲಿ ಎಷ್ಟೋ ಜನ ವರ್ಷಗಟ್ಟಲೆ ಇದ್ದುಬಿಡುತ್ತಾರೆ. ಇರುವೆ ಬಂದಿಲ್ಲ ಎಂಬ ಧೈರ್ಯ ಯಾವ ಕೆಲಸಕ್ಕೂ ಬಾರದು.

ಅದಕ್ಕೇ ನಾನು ಕಿವಿಗೊಡುವುದು ಬೇರೆ ಪದಗಳಿಗೆ. ನಮ್ಮ ಮನೆಗಳಲ್ಲಿ ಈ ಕಾಯಿಲೆ ಶುಗರ್ ಎಂಬ ಹೆಸರಿನಲ್ಲಿ ಒಳಗೆ ಬರುವುದಿಲ್ಲ. ‘ಉಷ್ಣ ಆಗಿದೆ’ ಎಂದು ಬರುತ್ತದೆ. ಅಂಗಾಲು ಉರಿಯುತ್ತದೆ, ರಾತ್ರಿ ಮೂರು ನಾಲ್ಕು ಸಲ ಎದ್ದು ಹೋಗಬೇಕು, ಎಷ್ಟು ನೀರು ಕುಡಿದರೂ ಬಾಯಿ ಒಣಗುತ್ತದೆ. ಮನೆಯವರು ಎಳನೀರು, ಮಜ್ಜಿಗೆ ಕೊಟ್ಟು ಸುಮ್ಮನಾಗುತ್ತಾರೆ. ‘ಸುಸ್ತು’ ಎಂದು ಬರುತ್ತದೆ. ಹೆಂಗಸರ ಸುಸ್ತನ್ನಂತೂ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ‘ವಯಸ್ಸಾಯ್ತಲ್ಲ’ ಎಂದು ಬರುತ್ತದೆ: ಕಣ್ಣು ಮಂಜು, ಪಾದ ಜುಮುಜುಮು, ಚಪ್ಪಲಿ ಕಾಲಿನಿಂದ ಜಾರಿ ಹಿಂದೆ ಉಳಿದರೂ ಅರಿವಿಲ್ಲ. ಕತ್ತಿನ ಹಿಂದೆ ಮಖಮಲ್ಲಿನಂತೆ ಕಪ್ಪು ಕಟ್ಟಿದರೆ ಕೊಳೆಯೆಂದು ಉಜ್ಜುತ್ತಾರೆ. ಅದು ಮೈ ಇನ್ಸುಲಿನ್‌ಗೆ ಬಗ್ಗದಿರುವುದರ ಗುರುತಿರಬಹುದು. ಮಾಯದ ಗಾಯ, ಗುಪ್ತಾಂಗದ ತುರಿಕೆಯನ್ನು ನಾಚಿಕೆಯಿಂದ ಮುಚ್ಚಿಡುತ್ತಾರೆ.

ಮಕ್ಕಳ ವಿಷಯದಲ್ಲಿ ಮಾತ್ರ ಒಂದು ದಿನವೂ ತಡ ಕೂಡದು. ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟಿದ್ದ ಮಗು ಮತ್ತೆ ಶುರುಮಾಡಿತು, ನೀರು ನೀರು ಎನ್ನುತ್ತದೆ, ಚೆನ್ನಾಗಿ ತಿಂದರೂ ಇಳಿದುಹೋಗುತ್ತಿದೆ ಎಂದರೆ ದೃಷ್ಟಿ ತೆಗೆಯುತ್ತ ಕೂರಬೇಡಿ, ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ. ಅದು ಟೈಪ್ 1 ಇರಬಹುದು. ವಾಂತಿ, ಹೊಟ್ಟೆನೋವು, ಉಸಿರಲ್ಲಿ ಹಣ್ಣಿನ ವಾಸನೆ, ಏದುಸಿರು ಕಂಡರೆ ನೇರ ಆಸ್ಪತ್ರೆಗೆ ಓಡಬೇಕು. 1922ಕ್ಕೆ ಮೊದಲು ಇಂಥ ಮಕ್ಕಳು ಉಳಿಯುತ್ತಿರಲಿಲ್ಲ. ಆ ವರ್ಷದ ಜನವರಿಯಲ್ಲಿ ಟೊರಾಂಟೊದ ಹುಡುಗನೊಬ್ಬನಿಗೆ ಮೊದಲ ಬಾರಿ ಇನ್ಸುಲಿನ್ ಚುಚ್ಚಿದರು. ಇಂದು ಅದು ಸಿಗುವಾಗ ಗುರುತು ತಪ್ಪಿ ಮಗುವನ್ನು ಕಳೆದುಕೊಳ್ಳುವುದನ್ನು ಸಹಿಸಲಾಗದು.

ಶುಗರ್ ಜೊತೆ ಈಚೆಗೆ ಬೆಳೆದ ಇನ್ನೊಂದು ಮಾತು ‘ಬಾರ್ಡರ್’. ‘ಬಾರ್ಡರ್‌ನಲ್ಲಿದೆ ಅಷ್ಟೆ’ ಎನ್ನುತ್ತ ವರದಿಯನ್ನು ಮಡಿಸಿಡುತ್ತಾರೆ. ಖಾಲಿಹೊಟ್ಟೆಯಲ್ಲಿ 100ರಿಂದ 125, ‘ಮೂರು ತಿಂಗಳ ಶುಗರ್’ 5.7ರಿಂದ 6.4 ಬಂದವರು ಇವರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ 2023ರಲ್ಲಿ ಹೇಳಿದಂತೆ ದೇಶದಲ್ಲಿ ಮಧುಮೇಹಿಗಳು ಸುಮಾರು 10.1 ಕೋಟಿ, ಬಾರ್ಡರ್‌ನವರು 13.6 ಕೋಟಿ. ‘ಅಷ್ಟೆ’ ಎಂಬ ಪದವನ್ನು ಇಲ್ಲಿ ಬಳಸಬೇಡಿ ಎಂದು ಕೈಮುಗಿದು ಕೇಳುತ್ತೇನೆ. ತೂಕ ಸ್ವಲ್ಪ ಇಳಿಸಿ, ವಾರಕ್ಕೆ 150 ನಿಮಿಷ ಬಿರುಸಾಗಿ ನಡೆದರೆ ಕಾಯಿಲೆಗೆ ಜಾರುವ ಸಾಧ್ಯತೆ ಬಹಳ ತಗ್ಗುತ್ತದೆ. 30 ದಾಟಿದವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತಪಾಸಣೆ ಉಚಿತ. ಮನೆಯಲ್ಲಿ ಸುಸ್ತು, ಉಷ್ಣ ಎನ್ನುವವರು ಇದ್ದರೆ ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ.